ಮೈಯಲ್ಲೇ ತಡೆ ಇರುವಾಗ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ಅಪ್ಪಾಜಿಗೆ ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ಇದೆ. ದಿನಾ ಇಮ್ಯಾಟಿನಿಬ್ ಮಾತ್ರೆ ತಗೊಳ್ತಾರೆ. ಅದು ಕೈನೇಸ್ ಅನ್ನು ತಡೆಯುವ ಔಷಧಿಯಂತೆ. ಪಿಯುಸಿ ಓದುತ್ತಿರುವ ನನ್ನ ತಂಗಿ, ಕೈನೇಸ್ ತಡೆಯುವ ಪ್ರೋಟೀನ್‌ಗಳು ನಮ್ಮ ಮೈಯಲ್ಲೇ ಇವೆ ಅಂತಾಳೆ. ಹಾಗಿದ್ರೆ ಮಾತ್ರೆ ಯಾಕೆ ಬೇಕು?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ತಂಗಿ ಹೇಳಿದ್ದು ಸರಿ. ನಿಮ್ಮ ಪ್ರಶ್ನೆಯೂ ಸರಿಯಾದದ್ದೇ.

ಕೈನೇಸ್ ಒಂದು ಕಿಣ್ವ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸುವುದು ಅದರ ಕೆಲಸ. ಅಂಟಿದ ಕೂಡಲೇ ಆ ಪ್ರೋಟೀನಿನ ವರಸೆ ಬದಲಾಗುತ್ತದೆ, ಎಷ್ಟೋ ಸಲ ಅದೂ ಒಂದು ಕೈನೇಸೇ ಆಗಿರುವುದರಿಂದ ಮುಂದಿನದಕ್ಕೆ ಅಂಟಿಸುತ್ತದೆ, ಹೀಗೆ ಕೋಶದ ಬಾಗಿಲಿಗೆ ಬಂದ ಸುದ್ದಿ ಒಳಗಿನ ಡಿಎನ್‌ಎವರೆಗೂ ಮುಟ್ಟುತ್ತದೆ. ಮನುಷ್ಯರಲ್ಲಿ ಇಂಥ ಕೈನೇಸ್‌ಗಳು 500ಕ್ಕೂ ಜಾಸ್ತಿ.

ಭದ್ರಾ ನಾಲೆ ನಿಮಗೆ ಗೊತ್ತಲ್ವಾ? ತೂಬು ತೆಗೆದರೆ ಸಾಲದು, ಹೊತ್ತಿಗೆ ಸರಿಯಾಗಿ ಮುಚ್ಚಲೂ ಬೇಕು. ಕೋಶದೊಳಗೆ ಆ ನೀರುಗಂಟಿ ಕೆಲಸ ತಡೆ ಪ್ರೋಟೀನ್‌ಗಳದ್ದು. ಒಂದೊಂದರದ್ದು ಒಂದೊಂದು ಪಟ್ಟು.

ನನಗೆ ತುಂಬ ಇಷ್ಟವಾದದ್ದು ಪಿಕೆಐ. ಇದು ಹಿಡಿಯುವುದು ಪ್ರೋಟೀನ್ ಕೈನೇಸ್ ಎ ಎಂಬುದನ್ನು. ಆ ಕೈನೇಸ್ ಬೇರೆ ಪ್ರೋಟೀನ್‌ಗಳಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಇರುವ ಜಾಗ ಹುಡುಕಿ ಫಾಸ್ಫೇಟ್ ಅಂಟಿಸುತ್ತದೆ. ಪಿಕೆಐ ನೋಡೋಕೆ ಥೇಟ್ ಅಂಥ ಪ್ರೋಟೀನಿನ ಹಾಗೇ, ಆದರೆ ಸೆರೀನ್ ಇರಬೇಕಾದ ಕಡೆ ಅಲನಿನ್ ಎಂಬ ಬೇರೊಂದು ಅಮೈನೋ ಆಮ್ಲ ಇಟ್ಟುಕೊಂಡಿರುತ್ತದೆ. ಅಂಟಿಸೋಕೆ ಜಾಗವೇ ಇಲ್ಲ! ಕೈನೇಸಿನ ಬಾಯಲ್ಲಿ ಬಿಸಿ ತುಪ್ಪ.

ಪಿ27 ಸ್ವಲ್ಪ ಒರಟು. ಕೋಶ ಒಡೆದು ಎರಡಾಗಲು ಬೇಕಾದ ಸಿಡಿಕೆ2 ಎಂಬ ಕೈನೇಸಿನಲ್ಲಿ ಎಟಿಪಿ ಕೂರುವ ಗುಂಡಿಗೇ ತನ್ನದೊಂದು ತುಂಡು ತೂರಿಸಿ ಕೂತುಬಿಡುತ್ತದೆ. ಸಾಕ್ಸ್ ಎಂಬ ಗುಂಪೂ ಇದೆ (ಕಾಲಿಗೆ ಹಾಕುವುದಲ್ಲ). ಸೋಂಕು ಬಂದಾಗ ಜಾಕ್ ಕೈನೇಸ್ ಸುದ್ದಿ ಕಳಿಸುತ್ತದೆ, ಆ ಸುದ್ದಿಯಿಂದಲೇ ಸಾಕ್ಸ್ ತಯಾರಾಗಿ ವಾಪಸ್ ಬಂದು ಜಾಕನ್ನೇ ಸುಮ್ಮನಾಗಿಸುತ್ತದೆ.

ಈಗ ನಿಮ್ಮ ಅಪ್ಪಾಜಿ ವಿಷಯ. ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಕೂಡು ಪ್ರೋಟೀನ್ ಹುಟ್ಟುತ್ತದೆ. ಸರಿಯಾಗಿರುವ ಎಬಿಎಲ್ ಕೈನೇಸಿಗೆ ತನ್ನ ಮೈಯಲ್ಲೇ ಒಂದು ಚಿಲಕ ಇರುತ್ತದೆ. ಅದರ ತುದಿಯ ಭಾಗ ಮಡಚಿಕೊಂಡು ಕೈನೇಸನ್ನು ಅದುಮಿ ಹಿಡಿಯುತ್ತದೆ. ಈ ಕೂಡಿಕೆಯಲ್ಲಿ ಆ ತುದಿಯೇ ಹೋಗಿ ಅಲ್ಲಿ ಬಿಸಿಆರ್ ಬಂದು ಕೂತಿರುತ್ತದೆ. ತೂಬಿನ ಹಲಗೆಯೇ ಕಿತ್ತುಹೋದ ಮೇಲೆ ನೀರುಗಂಟಿ ಏನು ಮಾಡಿಯಾನು? ಬಿಳಿ ರಕ್ತಕಣಗಳು ಸುಮ್ನೆ ಹೆಚ್ಚುತ್ತಲೇ ಹೋಗುತ್ತವೆ.

ಇಮ್ಯಾಟಿನಿಬ್ ಮಾಡುವುದು ಹೆಚ್ಚುಕಡಿಮೆ ಪಿ27ನ ಕೆಲಸವನ್ನೇ, ಎಬಿಎಲ್‌ನ ಎಟಿಪಿ ಗುಂಡಿಯಲ್ಲಿ ಕೂತು ದಾರಿ ಕಟ್ಟುತ್ತದೆ. ಅಮೆರಿಕದಲ್ಲಿ ಇದಕ್ಕೆ 2001ರಲ್ಲಿ ಒಪ್ಪಿಗೆ ಸಿಕ್ಕಿತು. ತಡೆ ಪ್ರೋಟೀನನ್ನೇ ಮಾತ್ರೆ ಮಾಡಬಹುದಿತ್ತಲ್ಲ ಅಂತ ತಂಗಿ ಕೇಳಬಹುದು. ನುಂಗಿದ ಪ್ರೋಟೀನ್ ಬೇಳೆ ಸಾರಿನ ಥರ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಜೊತೆಗೆ ಅಷ್ಟು ದೊಡ್ಡದು ಕೋಶದೊಳಗೆ ಸುಲಭವಾಗಿ ನುಗ್ಗಲಾರದು. ಇಮ್ಯಾಟಿನಿಬ್ ಚಿಕ್ಕ ಅಣು, ನುಗ್ಗುತ್ತದೆ.

ಆದರೆ ಅದು ಹೋದ ಚಿಲಕವನ್ನು ರಿಪೇರಿ ಮಾಡುವುದಿಲ್ಲ, ಮೈಯಿಂದ ಹೊರಗೂ ಹೋಗುತ್ತಿರುತ್ತದೆ, ಅದಕ್ಕೇ ದಿನಾ ಬೇಕು. ರಿಪೋರ್ಟ್ ಚೆನ್ನಾಗಿ ಬಂತು ಅಂತ ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಅವರ ಡಾಕ್ಟರ್ ಹೇಳಲಿ.