ನಿಮ್ಮ ಲೇಖನದಲ್ಲಿ ಮಣ್ಣಿನ ಚೂರು ಎಲ್ಲಿದೆ?

ಪ್ರಿಯ ಮಿತ್ರರೇ,

ಬ್ಯಾಬಿಲೋನಿನ ಒಡೆದ ಮಣ್ಣಿನ ಹಲಗೆಗಳನ್ನು ಕಂಪ್ಯೂಟರ್ ತೆರೆಯ ಮೇಲೆ ಜೋಡಿಸುವ ಕೆಲಸದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಇಂಥ ವಿಷಯವನ್ನು ಕೈಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳು ತಂತ್ರಜ್ಞಾನದ ಹೊಗಳಿಕೆಗೇ ಹೋಗಿವೆ. ಅವನ್ನು ಪೂರ್ತಿ ತೆಗೆಯಿರಿ. ಲೇಖನಕ್ಕೆ ಜೀವ ಬರುವುದು ಮೂರನೆಯ ಪುಟದಲ್ಲಿ: ಬ್ಯಾಬಿಲೋನಿನ ಪ್ರಾಚೀನ ಕಾವ್ಯವಾದ ಅತ್ರಹಾಸಿಸ್‌ನ ಮೂರನೆಯ ಹಲಗೆಯ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇನ್ನೊಂದು ಜಿನೀವಾದ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿಂದಲೇ ಆರಂಭಿಸಿ.

ಅಲ್ಲೇ ಒಂದು ತಪ್ಪೂ ನುಸುಳಿದೆ. ಇವೆರಡೂ ಒಂದೇ ಹಲಗೆಯವೆಂದು ಕಂಪ್ಯೂಟರ್ ಕಂಡುಹಿಡಿಯಿತು ಎಂದಿದ್ದೀರಿ. ಇಲ್ಲ. ಹಸಿಮಣ್ಣಿನ ಮೇಲೆ ಬೆಣೆಯಾಕಾರದ ಗುರುತುಗಳನ್ನು ಒತ್ತಿ ಬರೆಯುತ್ತಿದ್ದ ಬೆಣೆಲಿಪಿಯನ್ನು ಓದಬಲ್ಲ ವಿದ್ವಾಂಸರು ಆ ನಂಟನ್ನು ದಶಕಗಳ ಮೊದಲೇ ಗುರುತಿಸಿದ್ದರು. ಅವರಿಂದ ಆಗದೆ ಉಳಿದದ್ದು ಚೂರುಗಳನ್ನು ಒಂದೆಡೆ ತಂದು ಕೂಡಿಸುವುದು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ಎರಡೂ ಚೂರುಗಳ ಮೂರು ಆಯಾಮದ ಪ್ರತಿರೂಪಗಳನ್ನು ತೆರೆಯ ಮೇಲೆ ಕೂಡಿಸಿ ತೋರಿಸಿತು. ಯಂತ್ರಕ್ಕೆ ಎಲ್ಲ ಕೀರ್ತಿಯನ್ನೂ ಕೊಟ್ಟರೆ ಓದುತ್ತಾ ಕಣ್ಣು ಸವೆಸಿದವರಿಗೆ ಅನ್ಯಾಯವಾಗುತ್ತದೆ.

ಕೂಡಿಸುವ ಬಗೆಯನ್ನು ‘ಸುಧಾರಿತ ಅಲ್ಗಾರಿದಮ್‌ನಿಂದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಒಡೆದ ಹೆಂಚಿನ ಎರಡು ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿ. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತ ಕೂಡಲೇ ಅಲುಗಾಟ ನಿಲ್ಲುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ತೆರೆಯ ಮೇಲೆ ಆ ತಡೆಯೇ ಇಲ್ಲ. ಒಂದು ಚೂರು ಇನ್ನೊಂದರೊಳಗೆ ಹೊಗೆಯಂತೆ ತೂರಿಹೋಗುತ್ತದೆ. ಹಾಗಾಗಿ ಎರಡರ ನಡುವಿನ ಸಂದನ್ನು ಲೆಕ್ಕದಿಂದಲೇ ಅಳೆಯಬೇಕು. ಅದಕ್ಕೆ ಅಕ್ಷರವಿರುವ ಮುಖದ ಫೋಟೋ ಸಾಲದು, ಒಡೆದ ಅಂಚಿನ ಒಳಮೈಯೂ ಬೇಕು. ಓದುಗರಿಗೆ ಬೇಕಾದದ್ದು ಈ ಕಷ್ಟ.

ನನಗೆ ನಿಜಕ್ಕೂ ನೋವಾದದ್ದು ಬೇರೆ ವಿಷಯಕ್ಕೆ. ಹಲಗೆಯಲ್ಲಿ ಏನು ಬರೆದಿದೆ ಎಂದು ನೀವು ಎಲ್ಲೂ ಹೇಳಿಲ್ಲ! ಅದು ಜಲಪ್ರಳಯದ ಕಥೆ. ದೇವತೆಗಳ ಗುಟ್ಟನ್ನು ಮನುಷ್ಯನಿಗೆ ನೇರವಾಗಿ ಹೇಳುವಂತಿಲ್ಲದ ಎಂಕಿ ದೇವ ಜೊಂಡಿನ ಗೋಡೆಗೆ ಹೇಳುತ್ತಾನೆ: ಗೋಡೆಯೇ, ಕೇಳು, ಮನೆ ಕೆಡವು, ದೋಣಿ ಕಟ್ಟು. ಸುಮಾರು 3,600 ವರ್ಷಗಳ ಹಿಂದೆ ಇಪಿಕ್-ಆಯಾ ಎಂಬ ಕಿರಿಯ ಲಿಪಿಕಾರ ಅದನ್ನು ಹಸಿಮಣ್ಣಿನ ಮೇಲೆ ಒತ್ತಿ ಬರೆದ. ಅವನ ಹೆಸರೂ ನಿಮ್ಮ ಲೇಖನದಲ್ಲಿಲ್ಲ.

ಕಥೆಯನ್ನೂ ಲಿಪಿಕಾರನ ಹೆಸರನ್ನೂ ಸೇರಿಸಿ, ಉಳಿದದ್ದನ್ನು ಅರ್ಧಕ್ಕೆ ಇಳಿಸಿ ಮತ್ತೆ ಕಳುಹಿಸಿ. ನಾನೇ ಓದುತ್ತೇನೆ.

ಇಂತು,
ಸಂಪಾದಕ