ಥ್ರೀ ಜಾಸ್ತಿ ಆಯ್ತಾ? ಮಗನ ಶಾಟ್ ಬಗ್ಗೆ ಕೇಳಿದವರಿಗೆ ಉತ್ತರ

ಸರ್, ನಿಮ್ಮ ಪೋಸ್ಟ್ ಬೆಳಗ್ಗೆನೇ ನೋಡಿದ್ದೆ. ಅಂಗಡಿ ಬಾಗಿಲು ಹಾಕಿ ಈಗ ಕೂತೆ, ಸ್ವಲ್ಪ ಉದ್ದ ಆಗುತ್ತೆ. ನೀವು ಕೇಳಿದ್ದು ಮೂರು ವಿಷಯ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಈಗ ಯಾರೂ ನೋಡ್ತಿಲ್ಲ ಅನ್ನೋದು ನಿಜವಾ, ದೂರದ ಗೆರೆ ಹೊರಗಿಂದ ಥ್ರೀ (ಬಿದ್ರೆ ಎರಡರ ಬದಲು ಮೂರು ಪಾಯಿಂಟ್) ಎಸೆಯೋದೇ ಆಟ ಆಗೋಯ್ತಾ, ಮತ್ತೆ ಅದನ್ನೇ ನೋಡ್ಕೊಂಡು ನಿಮ್ಮ ಹನ್ನೊಂದು ವರ್ಷದ ಮಗ ಲೇಅಪ್ (ರಿಂಗ್ ಹತ್ರ ಓಡಿ ಹೋಗಿ ಹಾಕೋದು) ಬಿಟ್ಟು ಸೆಂಟರ್ ಲೈನ್ ಹತ್ರದಿಂದಾನೇ ಎಸೀತಾನೆ, ಏನ್ ಮಾಡ್ಲಿ ಅಂತ. ಕೆಳಗೆ ಇನ್ನೊಬ್ಬರು "ಜೋರ್ಡನ್ ಹೋದ್ಮೇಲೆ ಆಟಾನೇ ಸತ್ತೋಯ್ತು" ಅಂತ ಹಾಕಿದ್ದಾರೆ. ಅವರಿಗೂ ಸೇರಿಸೇ ಬರೀತೀನಿ.

ಮೊದಲು ನೋಡೋರ ಲೆಕ್ಕ. 1998ರ ಫೈನಲ್ಸ್ (ಕಪ್ ಯಾರಿಗೆ ಅನ್ನೋ ಏಳು ಪಂದ್ಯದವರೆಗಿನ ಸರಣಿ) ಆರನೇ ಪಂದ್ಯ, ಮೈಕಲ್ ಜೋರ್ಡನ್ ಚಿಕಾಗೊ ಬುಲ್ಸ್ ಪರ ಆಡಿದ ಕೊನೇ ಪಂದ್ಯ, ಅಮೆರಿಕದಲ್ಲಿ ಮೂರೂವರೆ ಕೋಟಿಗೂ ಮೇಲೆ ಜನ ನೋಡಿದ್ರು. 2025ರ ಫೈನಲ್ಸ್ ಸರಾಸರಿ ಒಂದು ಕೋಟಿ ಚಿಲ್ಲರೆ. ಇಷ್ಟೇ ಹೇಳಿದ್ರೆ ಕಥೆ ಮುಗೀತು ಅನ್ಸುತ್ತೆ. ಆದ್ರೆ ದುಡ್ಡು ಹಾಕೋರು ಹಾಗೆ ಅಂದ್ಕೊಂಡಿಲ್ಲ. 2025-26ರಿಂದ ಹನ್ನೊಂದು ವರ್ಷದ ಪ್ರಸಾರಕ್ಕೆ ಮೂರು ಕಂಪನಿ ಸೇರಿ ಸುಮಾರು 76 ಬಿಲಿಯನ್ ಡಾಲರ್ ಕೊಡ್ತಿವೆ. ಬೋಸ್ಟನ್ ಸೆಲ್ಟಿಕ್ಸ್ ತಂಡ 6.1 ಬಿಲಿಯನ್ ಡಾಲರಿಗೆ ಕೈ ಬದಲಾಯ್ತು. ಟಿವಿ ಮುಂದೆ ಎರಡೂವರೆ ಗಂಟೆ ಕೂರೋರು ಕಮ್ಮಿ ಆಗಿದ್ದಾರೆ, ಫೋನಲ್ಲಿ ಎರಡು ನಿಮಿಷ ನೋಡೋರು ಲೆಕ್ಕಕ್ಕೇ ಸಿಗ್ತಿಲ್ಲ. ನಿಮ್ಮ ಮಗ ಆ ಎರಡನೇ ಗುಂಪು.

ನನ್ನ ತಕರಾರು ಥ್ರೀ ಮೇಲಲ್ಲ, ಪಂದ್ಯದ ಸಂಖ್ಯೆ ಮೇಲೆ. ಒಂದೊಂದು ತಂಡಕ್ಕೆ 82 ಪಂದ್ಯ. ನವೆಂಬರಲ್ಲಿ ಬೇಗ ಎದ್ದು ಕಾಫಿ ಮಾಡ್ಕೊಂಡು ಕೂತ್ರೆ, ಯಾರನ್ನ ನೋಡೋಕೆ ಎದ್ದಿದ್ವೋ ಅವನು ಕೋಟ್ ಹಾಕ್ಕೊಂಡು ಬೆಂಚ್ ಮೇಲೆ ಕೂತಿರ್ತಾನೆ, ಇವತ್ತು ರೆಸ್ಟ್ ಅಂತೆ. ಇದು ಅತಿಯಾಗಿ, ಕನಿಷ್ಠ 65 ಪಂದ್ಯ ಆಡದಿದ್ರೆ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಥರದ ದೊಡ್ಡ ಪ್ರಶಸ್ತಿ ಇಲ್ಲ ಅಂತ 2023-24ರಿಂದ ನಿಯಮಾನೇ ತಂದ್ರು. ಇನ್ನೊಂದು ಕಡೆ ದೇಹ ಎಷ್ಟು ಅಂತ ತಡ್ಕೊಳುತ್ತೆ ಹೇಳಿ. 2025ರ ಪ್ಲೇಆಫ್ಸ್ (ಸೀಸನ್ ಕೊನೆಯ ನಾಕೌಟ್ ಹಂತ) ಒಂದರಲ್ಲೇ ಲಿಲ್ಲರ್ಡ್, ಟೇಟಮ್, ಹ್ಯಾಲಿಬರ್ಟನ್ ಅನ್ನೋ ಮೂರು ಸ್ಟಾರ್ ಆಟಗಾರರು ಹಿಮ್ಮಡಿ ಮೇಲಿನ ಅಕಿಲಿಸ್ ನರ ಹರ್ಕೊಂಡ್ರು. (ಮೂವರ ಜೆರ್ಸಿ ನಂಬರೂ 0. ಸೊನ್ನೆ ಕೇಳೋ ಹುಡುಗರಿಗೆ ನಾನೀಗ ಬೇರೆ ನಂಬರ್ ಕೊಡ್ತೀನಿ, ನಗಬೇಡಿ.)

ಈಗ ಥ್ರೀ ವಿಚಾರ. ಎನ್‌ಬಿಎಗೆ ಥ್ರೀ ಗೆರೆ ಬಂದಿದ್ದು 1979ರಲ್ಲಿ. ಮೊದಲ ವರ್ಷ ಒಂದು ತಂಡ ಒಂದು ಪಂದ್ಯಕ್ಕೆ ಮೂರು ಸಲಾನೂ ಪ್ರಯತ್ನ ಮಾಡ್ತಿರ್ಲಿಲ್ಲ. 2014-15ಕ್ಕೆ 22 ಆಯ್ತು, 2024-25ಕ್ಕೆ 37 ದಾಟ್ತು. ಕಾರಣ ಹುಚ್ಚಲ್ಲ, ಅಂಗಡಿ ಲೆಕ್ಕ. ಗೆರೆ ಹೊರಗಿಂದ ನೂರು ಹೊಡೆದ್ರೆ 36 ಬೀಳುತ್ತೆ, ಅಂದ್ರೆ 108 ಪಾಯಿಂಟ್. ಗೆರೆ ಒಳಗೆ, ರಿಂಗಿಗೆ ಹದಿನೈದು ಹದಿನೆಂಟು ಅಡಿ ದೂರದಿಂದ ನೂರಕ್ಕೆ 42 ಬಿದ್ರೂ 84. ರಿಂಗ್ ಕೆಳಗೆ ನೂರಕ್ಕೆ 65 ಬೀಳುತ್ತೆ, 130. ಅದಕ್ಕೆ ಒಂದೋ ರಿಂಗ್ ಹತ್ರ ಹೋಗು, ಇಲ್ಲಾ ಗೆರೆ ಹೊರಗೆ ನಿಲ್ಲು, ಮಧ್ಯದ ಜಾಗ ಬಿಡು ಅಂತಾಯ್ತು. ಇದರ ಜೊತೆ ನಿಯಮಾನೂ ಬದಲಾಗಿತ್ತು. 2001ರಲ್ಲಿ ಝೋನ್ ಡಿಫೆನ್ಸಿಗೆ (ಒಬ್ಬೊಬ್ಬನ ಹಿಂದೆ ಹೋಗದೆ ಜಾಗ ಕಾಯೋದು) ಒಪ್ಪಿಗೆ ಸಿಕ್ತು, ಪೇಂಟ್ (ರಿಂಗ್ ಮುಂದಿನ ಬಣ್ಣದ ಚೌಕ) ಒಳಗೆ ಜನ ತುಂಬ್ಕೊಂಡ್ರು. ಅವರನ್ನ ಹೊರಗೆ ಎಳೀಬೇಕು ಅಂದ್ರೆ ಮೂಲೆಯಲ್ಲಿ ಶೂಟರ್ ಬೇಕು. 2004ರಿಂದ ಚೆಂಡು ತರೋನ ಸೊಂಟಕ್ಕೆ ಕೈ ಹಚ್ಚಿ ತಡೆಯೋದಕ್ಕೆ ಬಿಗಿಯಾಗಿ ಫೌಲ್ ಕೊಡೋಕೆ ಶುರು ಮಾಡಿದ್ರು, ಚೆಂಡು ತರೋ ಗಾರ್ಡ್‌ಗಳಿಗೆ ದಾರಿ ತೆರೀತು. ಗೋಲ್ಡನ್ ಸ್ಟೇಟ್ ತಂಡದ ಸ್ಟೆಫ್ ಕರಿ 2015-16ರಲ್ಲಿ ಒಂದೇ ಸೀಸನ್ನಲ್ಲಿ 402 ಥ್ರೀ ಹಾಕಿದ್ಮೇಲೆ ಎಲ್ಲರೂ ಅದೇ ದಾರಿ ಹಿಡಿದ್ರು.

ಅತಿಯಾದ್ರೆ ಏನಾಗುತ್ತೆ ಅನ್ನೋದಕ್ಕೆ 2018ರ ಹ್ಯೂಸ್ಟನ್ ತಂಡ ಇದೆ. ಫೈನಲ್ಸಿಗೆ ಹೋಗೋ ಏಳನೇ ಪಂದ್ಯ, ಅರ್ಧ ಆಟಕ್ಕೆ ಹನ್ನೊಂದು ಪಾಯಿಂಟ್ ಮುಂದಿದ್ರು. ಆದ್ರೆ ಎರಡನೇ ಕ್ವಾರ್ಟರಿಂದ ನಾಲ್ಕನೇದರವರೆಗೆ ಸಾಲಾಗಿ 27 ಥ್ರೀ ತಪ್ಪಿಸಿದ್ರು. 44ಕ್ಕೆ 7 ಹಾಕಿ ಸೋತ್ರು. ನಾನು ಅವತ್ತು ಲೈವ್ ನೋಡ್ತಿದ್ದೆ. ಇಪ್ಪತ್ತನೇದು ತಪ್ಪಿದಾಗಲೂ "ಮುಂದಿಂದು ಬೀಳುತ್ತೆ" ಅಂತಾನೇ ಕೂತಿದ್ದೆ.

ಆದ್ರೆ ಮಧ್ಯದ ಶಾಟ್ ಸತ್ತಿದೆ ಅನ್ನೋರು 2025ರ ಫೈನಲ್ಸ್ ಮೊದಲ ಪಂದ್ಯದ ಕೊನೇ ಹತ್ತು ಸೆಕೆಂಡ್ ನೋಡಿ. ಇಂಡಿಯಾನಾದವರು ಪೂರ್ತಿ ಪಂದ್ಯ ಹಿಂದೆ. ಮೊದಲರ್ಧದಲ್ಲೇ 19 ಸಲ ಚೆಂಡು ಕಳ್ಕೊಂಡಿದ್ರು, ಒಕ್ಲಹೋಮಾದವರ ಡಿಫೆನ್ಸ್ ಅಷ್ಟು ಕೈ ಹಾಕ್ತಿತ್ತು. ನಾಲ್ಕನೇ ಕ್ವಾರ್ಟರಲ್ಲಿ ಹದಿನೈದು ಪಾಯಿಂಟ್ ಹಿಂದೆ. ಕೊನೆಗೆ ಅವರ ಹ್ಯಾಲಿಬರ್ಟನ್ ಬಲಕ್ಕೆ ಡ್ರಿಬಲ್ ಮಾಡ್ಕೊಂಡು ಬಂದು, ಗೆರೆ ಒಳಗೆ ಕಾಲಿಟ್ಟು ಜಂಪ್ ಶಾಟ್ ಹಾಕ್ದ. 0.3 ಸೆಕೆಂಡ್ ಉಳಿದಿತ್ತು, 111-110. ಇಡೀ ಪಂದ್ಯದಲ್ಲಿ ಅವರು ಮುಂದೆ ಬಂದದ್ದು ಅದೇ ಮೊದಲು. ಅದು ಎರಡು ಪಾಯಿಂಟಿನ ಶಾಟ್ ಸರ್! ಎದುರು ತಂಡದ ಎಂವಿಪಿ ಶೇ ಗಿಲ್ಜಸ್ ಅಲೆಕ್ಸಾಂಡರ್ ಬದುಕೋದೇ ಆ ಮಧ್ಯದ ಜಾಗದಲ್ಲಿ. ಕಪ್ ಹೊಡೆದದ್ದೂ ಅವನ ತಂಡಾನೇ, ಏಳು ಪಂದ್ಯ ಆಡಿಸಿ.

ಇನ್ನು ನೋಡೋ ರೀತಿ. ಐದು ನಿಮಿಷ ಚೆಂಡು ಬಿಟ್ಟು ಮೂಲೆಯಲ್ಲಿ ನಿಂತಿರೋ ಆಟಗಾರನ್ನ ಮಾತ್ರ ನೋಡಿ. ಮೇಲೆ ಸ್ಕ್ರೀನ್ (ಜೊತೆಗಾರ ಅಡ್ಡ ನಿಂತು ಡಿಫೆಂಡರನ್ನ ತಡೆಯೋದು) ಆಯ್ತು, ದೊಡ್ಡ ಆಟಗಾರ ರಿಂಗ್ ಕಡೆ ಓಡ್ದ. ಆಗ ಮೂಲೆಯವನ ಡಿಫೆಂಡರ್ ಒಂದು ಹೆಜ್ಜೆ ಒಳಗೆ ಇಡ್ತಾನೆ. ಪಾಸ್ ಹೋಗೋದು ಆ ಒಂದು ಹೆಜ್ಜೆ ನೋಡ್ಕೊಂಡೇ. ಡೆನ್ವರಿನ ಯೋಕಿಚ್ ಆ ಹೆಜ್ಜೆ ಬೀಳೋ ಮುಂಚೆನೇ ಪಾಸ್ ಬಿಟ್ಟಿರ್ತಾನೆ. ಇದು ಕಣ್ಣಿಗೆ ಬಿದ್ಮೇಲೆ ಥ್ರೀ ಬೋರ್ ಆಗಲ್ಲ. ಸಮಯದ ವಿಚಾರ ಹೇಳ್ಬೇಕು ಅಂದ್ರೆ, ಚಳಿಗಾಲದಲ್ಲಿ ಅಮೆರಿಕದ ಪೂರ್ವದ ಊರಿನ ಪಂದ್ಯ ನಮಗೆ ಬೆಳಗ್ಗೆ ಐದೂವರೆಗೆ, ಪಶ್ಚಿಮದ್ದು ಎಂಟೂವರೆ ಒಂಬತ್ತಕ್ಕೆ. ಶಾಲೆ ಇರೋ ದಿನ ಬೇಡ.

ಇನ್ನೊಂದು ಮಾತು, "ನಮ್ಮ ಮಕ್ಕಳು ಕುಳ್ಳ, ಈ ಆಟ ನಮಗಲ್ಲ" ಅನ್ನೋರಿಗೆ. 2019ರಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲೇ ಮಹಿಳಾ ಏಷ್ಯಾ ಕಪ್ ಆಯ್ತು. ಫೈನಲಲ್ಲಿ ಜಪಾನಿನ ಸಣ್ಣ ಹುಡುಗೀರು ಎತ್ತರದ ಚೀನಾನ ಸೋಲಿಸಿದ್ರು. ಅದೇ ಜಪಾನ್ ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಗೊಂಡ್ತು. ಎತ್ತರ ಇಲ್ಲದವರು ಓಟ, ಪಾಸು, ಥ್ರೀ ಇಟ್ಕೊಂಡೇ ಅಲ್ಲಿವರೆಗೂ ಹೋದ್ರು. ಹಾಗಾಗಿ ಮಗನಿಗೆ ಥ್ರೀ ಬೇಡ ಅಂತ ನಾನು ಹೇಳಲ್ಲ. ಈಗ ಬೇಡ, ಅಷ್ಟೇ.

ಯಾಕಂದ್ರೆ ನೀವು ಹಾಕಿದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡ್ದೆ. ಚೆಂಡು ಬಲ ಸೊಂಟದ ಹತ್ರದಿಂದ ಹೊರಡ್ತಿದೆ, ಮೊಣಕೈ ಕೋಳಿ ರೆಕ್ಕೆ ಥರ ಹೊರಗೆ, ಬಿಡೋ ಹೊತ್ತಿಗೆ ಎಡಗೈ ಹೆಬ್ಬೆರಳು ಚೆಂಡನ್ನ ತಳ್ತಿದೆ. ಶಕ್ತಿ ಸಾಲದೆ ಮೈಯೆಲ್ಲ ತಿರುಗಿಸ್ತಿದ್ದಾನೆ. ಕೈಲಿರೋದು 7ನೇ ಸೈಜು, ದೊಡ್ಡೋರ ಚೆಂಡು, ಸುಮಾರು 600 ಗ್ರಾಂ. ಅವನಿಗೆ 5 ಸಾಕು, ನೂರು ಗ್ರಾಂ ಮೇಲೇ ಹಗುರ. ಚಿಕ್ಕ ಮಕ್ಕಳ ಮಿನಿ ಬಾಸ್ಕೆಟ್‌ಬಾಲಲ್ಲಿ ರಿಂಗ್ ಎತ್ತರ 2.60 ಮೀಟರ್, ನಮ್ಮ ಮೈದಾನಗಳಲ್ಲಿ ಎಲ್ಲರಿಗೂ ಒಂದೇ 3.05. ರಿಂಗ್ ಇಳಿಸೋಕಾಗಲ್ಲ, ಚೆಂಡು ಬದಲಾಯ್ಸಬಹುದಲ್ಲ.

ಕರೀನೂ ಹುಡುಗನಾಗಿದ್ದಾಗ ಹೀಗೇ ಸೊಂಟದಿಂದ ಎಸೀತಿದ್ದ. ಹೈಸ್ಕೂಲಲ್ಲಿ ಒಂದು ಬೇಸಿಗೆ ಪೂರ್ತಿ ಅವರಪ್ಪ ಡೆಲ್ ಕರಿ, ತಾನೂ ಎನ್‌ಬಿಎ ಶೂಟರ್ ಆಗಿದ್ದವನು, ಮಗನ ಶಾಟನ್ನ ಬಿಚ್ಚಿ ಮತ್ತೆ ಕಟ್ಟಿದ. ಕೆಲವು ವಾರ ಪೇಂಟ್ ಹೊರಗಿಂದ ಹೊಡೆಯೋಕೇ ಆಗ್ತಿರ್ಲಿಲ್ಲ ಅಂತ ಕರೀನೇ ಹೇಳ್ಕೊಂಡಿದ್ದಾನೆ. ಇದನ್ನ ಮಗನಿಗೆ ಹೇಳಿ, ನಿಮ್ಮ ನನ್ನ ಬುದ್ಧಿಮಾತಿಗಿಂತ ಅದು ನಾಟುತ್ತೆ.

ಕೆಲಸ ಇಷ್ಟೇ. ರಿಂಗಿಂದ ನಾಲ್ಕಡಿ ದೂರ, ಬಲಗೈ ಒಂದರಲ್ಲೇ, ಎಡಗೈ ಬೆನ್ನ ಹಿಂದೆ. ಹತ್ತಕ್ಕೆ ಏಳು ಬಿದ್ರೆ ಒಂದು ಹೆಜ್ಜೆ ಹಿಂದೆ. ಮೊಣಕೈ ಹೊರಗೆ ಹೋದ ತಕ್ಷಣ ಮತ್ತೆ ಮುಂದೆ. ಅದಾದ್ಮೇಲೆ ಎಡಗೈ ಲೇಅಪ್ ಇಪ್ಪತ್ತು. ಕೊನೇಲಿ ಐದು ಥ್ರೀ ಹೊಡೆಯೋಕೆ ಬಿಡಿ, ಖುಷಿಗೆ. ಅದನ್ನೂ ಕಿತ್ಕೊಂಡ್ರೆ ಮೈದಾನಕ್ಕೆ ಬರೋದೇ ನಿಲ್ಲಿಸ್ತಾನೆ. ನಮ್ಮ ಕಡೆ ಥ್ರೀ ಗೆರೆ 6.75 ಮೀಟರ್, ಎನ್‌ಬಿಎದು ರಿಂಗಿನ ನೇರ ಎದುರು 7.24, ಅದನ್ನೂ ಹೇಳಿ.

ಭಾನುವಾರ ಬೆಳಗ್ಗೆ ಆರೂವರೆಗೆ ನಾನು ಮೈದಾನದಲ್ಲೇ ಇರ್ತೀನಿ, ಕರ್ಕೊಂಡ್ ಬನ್ನಿ. 5ನೇ ಸೈಜ್ ಚೆಂಡು ನನ್ನತ್ರ ಎರಡಿದೆ, ಒಂದಕ್ಕೆ ಗಾಳಿ ಹಾಕ್ಬೇಕು. ಪಂಪ್ ಇದ್ರೆ ತನ್ನಿ, ನಂದು ಯಾರೋ ಇಸ್ಕೊಂಡು ಹೋದವರು ವಾಪಸ್ ಕೊಟ್ಟಿಲ್ಲ.