ದೀಕ್ಷಾಸ್ನಾನದ ನಂತರವೂ ಉಳಿದ ಹಳೆಯ ಉದ್ರಿ

ಸಹೋದರರೇ, ಕುಡಿತ ಬಿಟ್ಟು ಬೀದರಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಹಿಂದಿನದೆಲ್ಲ ಏಕೆ ನೆನಪಾಗುತ್ತದೆ, ದೇವರು ಕ್ಷಮಿಸಿದ ಮೇಲೆ ಹುಮನಾಬಾದಿನ ಅಂಗಡಿಯ ಹಳೆಯ ಉದ್ರಿಯನ್ನೂ ತೀರಿಸಬೇಕೇ ಎಂದು ಕೇಳಿದ್ದೀರಿ.

ನೆನಪಾಗುವುದು ನಂಬಿಕೆಯ ಕೊರತೆಯಲ್ಲ. ಹಿಂದಿನ ಸಂಗತಿಗಳನ್ನು ಮರೆತು ಮುಂದಕ್ಕೆ ಓಡುತ್ತೇನೆಂದು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಪತ್ರ ಬರೆದ ಅಪೊಸ್ತಲ ಪೌಲನೇ, ಬೈಬಲಿನಲ್ಲಿರುವ ಅದೇ ಪತ್ರದ 3ನೆಯ ಅಧ್ಯಾಯದಲ್ಲಿ ತಾನು ಹಿಂದೆ ಕ್ರೈಸ್ತ ಸಭೆಯನ್ನು ಹಿಂಸಿಸಿದವನೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಹಳೆಯ ಬದುಕು ಅವನಿಗೆ ನೆನಪಿತ್ತು. ಅವನ ಮೇಲೆ ಅದರ ಅಧಿಕಾರ ಉಳಿದಿರಲಿಲ್ಲ.

ಉದ್ರಿಯನ್ನು ಮಾತ್ರ ಖಂಡಿತವಾಗಿ ತೀರಿಸಬೇಕು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಟ್ಟು, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆಂದಾಗ, ಅದು ಬೇಡವೆಂದು ಯೇಸು ಹೇಳಲಿಲ್ಲ. ಫಿಲೆಮೋನನಿಗೆ ಬರೆದ ಪತ್ರದಲ್ಲಿಯೂ ಪೌಲನು ಫಿಲೆಮೋನನ ದಾಸನಾದ ಒನೇಸಿಮನ ಸಾಲ ಅಳಿಸಿಹೋಯಿತೆನ್ನದೆ, ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವಂತೆ ಕೇಳುತ್ತಾನೆ. ಕ್ಷಮೆ ದೇವರಿಂದ ಬಂದರೂ ಹಣ ಅಂಗಡಿಯವರದೇ ಅಲ್ಲವೇ?

ಒಮ್ಮೆಗೇ ಸಾಧ್ಯವಾಗದಿದ್ದರೆ ತಿಂಗಳಿಗಿಷ್ಟೆಂದು ಒಪ್ಪಿಸಿ, ಪ್ರತಿ ಕಂತನ್ನೂ ಅವರ ವಹಿಯಲ್ಲಿ ಬರೆಸಿರಿ. ಆ ಓಣಿಯಲ್ಲಿ ಕುಡಿತದ ಹಳೆಯ ಗೆಳೆಯರು ಸಿಗುವಂತಿದ್ದರೆ, ಸಭಾಪಾಲಕರನ್ನೋ ಸಭೆಯ ಹಿರಿಯರೊಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗಿರಿ.